ಕೆಂಪು ಹಚ್ಚಬೇಡಿ ಅಂದವಳು

ಹೋದ ವಾರ ಮೀನಿನ ಹೆಂಗಸು ನಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಬುಟ್ಟಿ ಇಳಿಸಿ, ಬಂಗಡೆಯ ಕಿವಿ ಎತ್ತಿ ತೋರಿಸುತ್ತಲೇ ಒಂದು ಸುದ್ದಿ ಹೇಳಿದಳು. ಹೊಳೆಯಾಚೆ ಕಾಸರಕೋಡಿನಲ್ಲಿದ್ದ ಕೋಳಿಯಕ್ಕ ತೀರಿಕೊಂಡು ಎಂಟು ದಿನವಾಯಿತಂತೆ. ಮೂರೇ ದಿನದ ಜ್ವರವಂತೆ. ನಾನು ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟೆ. ನನ್ನಿಂದ ಮಾತು ಹೊರಡುವ ಮೊದಲೇ ಬೇಲಿಯಾಚೆ ಬಟ್ಟೆ ಹರವುತ್ತಿದ್ದ ನೆರೆಮನೆಯಾಕೆ ಕೇಳಿದರು, "ಯಾರು, ಆ ಕೋಳಿಕಳ್ಳಿಯಾ?"

ಅವರು ಹೊನ್ನಾವರಕ್ಕೆ ಬಂದು ಎರಡು ವರ್ಷವಾಗಿಲ್ಲ. ಸತ್ತವಳ ಮುಖವನ್ನೂ ಕಂಡವರಲ್ಲ. ಯಾರೋ ಹೇಳಿದ್ದು, ಇವರು ಕೇಳಿದ್ದು. ಆಕೆಯನ್ನು ಕಳ್ಳಿ ಎಂದು ಮೊದಲು ಕರೆದವರು ವರ್ಗವಾಗಿ ಊರು ಬಿಟ್ಟು ಹೋದರು, ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು, ಕಚೇರಿಯ ಮೇಲಿನ ಬಾವುಟವೂ ಬದಲಾಯಿತು. ಆ ಒಂದು ಶಬ್ದ ಮಾತ್ರ ಊರು ಬಿಟ್ಟು ಕದಲಲಿಲ್ಲ. ನನಗೆ ಸಿಟ್ಟು ಬರುವುದು ಕಡಿಮೆ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರಲ್ಲಿ ಕಸೂತಿ, ಇಂಗ್ಲಿಷು ಮತ್ತು ದನಿ ಏರಿಸದಿರುವುದು, ಈ ಮೂರೇ ನನಗೆ ಚೆನ್ನಾಗಿ ಹತ್ತಿದ್ದು. ಆದರೆ ಆ ದಿನ ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಆಕೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಮ್ಮೂರಿನವರು ಆ ಹೆಸರಿನ ಪಕ್ಕದಲ್ಲಿ ಇನ್ನೊಂದು ಶಬ್ದವನ್ನು ತಾವಾಗಿಯೇ ಸೇರಿಸಿಕೊಂಡು ಓದುತ್ತಾರೆ. ಹೆಸರಿಲ್ಲದೆಯೇ ಆಕೆ ಹೇಗಿದ್ದಳೋ ಹಾಗೆ ಹೇಳುತ್ತೇನೆ.

ಎತ್ತರ ನನ್ನ ಭುಜದಷ್ಟು. ಮೊಣಕಾಲಿಗಿಂತ ನಾಲ್ಕು ಬೆರಳು ಕೆಳಗೆ ನಿಲ್ಲುವ ಸೀರೆ. ಮೂಗುತಿ ಇದ್ದ ತೂತು ಮುಚ್ಚಿಹೋಗದ ಹಾಗೆ ಅದರಲ್ಲಿ ಪೊರಕೆಕಡ್ಡಿಯ ಚೂರು. ಗಂಡ ಸಮುದ್ರಕ್ಕೆ ಹೋದವನು ಮರಳಿರಲಿಲ್ಲ. ತಮ್ಮನ ಹಿತ್ತಿಲಲ್ಲಿ ಒಂದು ಗುಡಿಸಲು ಹಾಕಿಕೊಂಡು ಇದ್ದಳು. ತಮ್ಮ ಗಾಳ ಹಾಕುವವನು. ಆಕೆ ಕೋಳಿ ಸಾಕುವವಳು. ದಿನವೂ ಬೆಳಿಗ್ಗೆ ತಾರಿ ದೋಣಿಯಲ್ಲಿ ಹೊಳೆ ದಾಟಿ ಈಚೆ ಬಂದು ಮೊಟ್ಟೆ ಮಾರಿ ಹೋಗುವಳು. ಕೋಳಿಯ ಮನೆಗೆ ಹೋಗುವ ಮೊದಲು ಕಾಲು ತೊಳೆಯುವಳು, ಬಂದ ಮೇಲಲ್ಲ. ಯಾಕೆಂದು ಒಮ್ಮೆ ಕೇಳಿದ್ದಕ್ಕೆ, ಅವುಗಳ ರೋಗ ನನಗೆ ಬರುವುದಿಲ್ಲ, ಊರ ರೋಗ ಅವಕ್ಕೆ ಬರುತ್ತದೆ ಎಂದಿದ್ದಳು.

ಮರಿಯನ್ನು ಎಡಗೈ ಅಂಗೈ ಮೇಲೆ ಬೋರಲು ಮಲಗಿಸಿ ಬಾಲದ ಬುಡಕ್ಕೆ ಉಫ್ ಎಂದು ಊದುವುದು ಆಕೆಯ ರೂಢಿ. ಊದಿದರೆ ಪುಕ್ಕ ಬಿರಿದು ಚರ್ಮ ಕಾಣುತ್ತದೆ. ಹೇನು, ಗಾಯ, ಕಚ್ಚಿದ ಗುರುತು, ಎಲ್ಲವೂ ಅಲ್ಲಿ. "ಮೇಲಿಂದ ಎಲ್ಲ ಮರಿಯೂ ಚಂದವೇ ಬಾಯೋರೆ, ಊದಿ ಕಾಣ್ಬೇಕು" ಎನ್ನುವಳು. ಊರಿಗೆ ಹೊಸಬರು ಯಾರಾದರೂ ಬಂದಾಗ, ಅವರು ಹೇಗೆ ಅಂತ ನಾನು ಕೇಳಿದರೆ, "ನಾನಿನ್ನೂ ಊದ್ಲಿಲ್ಲ" ಎಂದು ಮುಖ ಗಂಟು ಹಾಕಿಯೇ ಹೇಳುವಳು. ಒಳಗೊಳಗೇ ನಗುತ್ತಿದ್ದಳು ಎಂಬುದು ನನಗೆ ತಿಳಿಯಲು ತಿಂಗಳುಗಳು ಬೇಕಾದವು.

ನಮ್ಮ ಪರಿಚಯವಾದದ್ದು ನನ್ನ ದಡ್ಡತನದಿಂದ. ಮದುವೆಯಾಗಿ ಹೊನ್ನಾವರಕ್ಕೆ ಬಂದ ಹೊಸತು. ಹಿತ್ತಿಲಲ್ಲಿ ಹೇಂಟೆಯೊಂದು ಒಂಬತ್ತು ಮರಿ ಎಬ್ಬಿಸಿತ್ತು. ಮಳೆ ಹಿಡಿದುಕೊಂಡಿತೆಂದು ಎಲ್ಲವನ್ನೂ ಬಚ್ಚಲ ಪಕ್ಕದ ಇಕ್ಕಟ್ಟಿನ ಗೂಡಿನಲ್ಲಿ ಮುಚ್ಚಿಟ್ಟಿದ್ದೆ. ಒಂದು ಬೆಳಿಗ್ಗೆ ನೋಡಿದರೆ ಒಂದು ಮರಿಯ ಬಾಲದ ಜಾಗ ಬೋಳು, ಅದರ ನಡುವೆ ರಕ್ತದ ಚುಕ್ಕೆ. ಬೆಕ್ಕೋ ಹೆಗ್ಗಣವೋ ಎಂದುಕೊಂಡೆ. ಸಿಸ್ಟರ್ ಕಲಿಸಿದ್ದ ಹಾಗೆ ಗಾಯ ತೊಳೆದು, ಔಷಧಿ ಪೆಟ್ಟಿಗೆಯಿಂದ ಕೆಂಪು ಟಿಂಚರು ತೆಗೆದು ಹಚ್ಚಿ, ಒಡಹುಟ್ಟಿದವುಗಳ ನಡುವೆಯೇ ಬಿಟ್ಟೆ. ಒಂಟಿಯಾಗಿಸಿದರೆ ಅಳುತ್ತದಲ್ಲ ಎಂಬ ಕನಿಕರ ಬೇರೆ. ಊಟಕ್ಕೆ ಬಡಿಸುವ ಹೊತ್ತಿಗೆ ಅದರ ಕರುಳು ಹೊರಗೆ ಬಂದಿತ್ತು. ಉಳಿದ ಎಂಟೂ ಅದರ ಸುತ್ತ ನಿಂತು, ತವಡು ಕುಕ್ಕುವಷ್ಟೇ ಸಮಾಧಾನದಿಂದ ಕುಕ್ಕುತ್ತಿದ್ದವು. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಿಂತಾಗಲೇ ಮೊಟ್ಟೆ ಮಾರುತ್ತ ಆಕೆ ಬಂದದ್ದು.

ಏನು ಹಚ್ಚಿದೆ ಎಂದು ಕೇಳಿದಳು. ಬಾಟಲಿ ತೋರಿಸಿದೆ. ಮೂಸಿ ನೋಡಿ ವಾಪಸು ಕೊಟ್ಟಳು.

"ಕೆಂಪು. ನೀವೇ ಎಲೆ ಹಾಕಿ ಬಡಿಸಿದ ಹಾಂಗೆ ಆತು."

ಮರಿಗಳಿಗೆ ಹೊಸ ಪುಕ್ಕ ಮೂಡುವ ವಯಸ್ಸಿನಲ್ಲಿ ಅದರ ಬುಡದಲ್ಲಿ ರಕ್ತ ತುಂಬಿರುತ್ತದೆ. ಇಕ್ಕಟ್ಟಾದರೆ, ಸೆಕೆಯಾದರೆ, ಕಣ್ಣು ಕುಕ್ಕುವ ಬಿಸಿಲು ಬಿದ್ದರೆ, ಬರೀ ನುಚ್ಚು ತಿಂದು ಬೇಸತ್ತರೆ, ಒಂದು ಮರಿ ಸುಮ್ಮನೆ ಪಕ್ಕದ ಮರಿಯ ಬಾಲವನ್ನು ಎಳೆಯುತ್ತದೆ. ಒಂದು ಹನಿ ಕೆಂಪು ಕಂಡಿತೋ, ಆಮೇಲೆ ಎಲ್ಲವೂ. ಇದನ್ನೆಲ್ಲ ಆಕೆ ಮೆಟ್ಟಿಲ ಮೇಲೆ ಕುಳಿತು, ಕರಟದಲ್ಲಿ ಚಹಾ ಕುಡಿಯುತ್ತ ಹೇಳಿದಳು. ಕಪ್ಪು ಬಸಿ ಕೊಟ್ಟರೆ ಬೇಡವೆನ್ನುವಳು. ಕಪ್ಪಿನ ಕಿವಿಯೊಳಗೆ ಬೆರಳು ಹೋಗುವುದಿಲ್ಲವಂತೆ. ಗಾಯವಾದ ಮರಿಯನ್ನು ಬೇರೆ ಬುಟ್ಟಿಯಡಿ ಇಡಬೇಕು. ಹೊನ್ನೆ ಎಣ್ಣೆಯಲ್ಲಿ ದೀಪದ ಮಸಿ ಕಲಸಿ ಹಚ್ಚಬೇಕು. ಕಪ್ಪಾಗಿ ಕಾಣುತ್ತದೆ, ಕುಕ್ಕಿದರೆ ಕಹಿ. ನುಗ್ಗೆ ಸೊಪ್ಪನ್ನು ಕಟ್ಟು ಕಟ್ಟಿ, ಮರಿಗಳು ಕತ್ತೆತ್ತಿ ಜಿಗಿದು ತಿನ್ನುವಷ್ಟು ಎತ್ತರಕ್ಕೆ ತೂಗುಹಾಕಬೇಕು. "ಕೊಕ್ಕಿಗೆ ಒಂದು ಕೆಲ್ಸ ಕೊಡಿ. ಇಲ್ದಿದ್ರೆ ಅವು ಎಂತ ಮಾಡ್ತವೆ, ಒಂದಕ್ಕೊಂದು ಮೈ ನೋಡ್ತಾ ಕೂತ್ಕಣ್ತವೆ." ತಿನ್ನಲು ಒಣಸಿಗಡಿಯ ಪುಡಿ, ನೀರಿಗೆ ಒಂದು ದಿನ ಚಿಟಿಕೆ ಉಪ್ಪು. ಅವರ ಕೇರಿಯಲ್ಲಿ ದೇವರಿಗೆ ಹರಕೆ ಬಿಟ್ಟ ಕೋಳಿಯ ಕಾಲಿಗೆ ಕೆಂಪು ನೂಲು ಕಟ್ಟುತ್ತಾರಂತೆ. ಕಟ್ಟಿದ ಗಳಿಗೆಯಿಂದ ಅದನ್ನು ಬೇರೆ ಬುಟ್ಟಿಯಲ್ಲಿ ಸಾಕುತ್ತಾರೆ. ದೇವರು ತೆಗೆದುಕೊಳ್ಳುವ ಮೊದಲು ಉಳಿದ ಕೋಳಿಗಳು ತೆಗೆದುಕೊಂಡುಬಿಡುತ್ತವೆ ಎಂದು.

ಉಳಿದ ಎಂಟು ಮರಿಗಳೂ ಬದುಕಿದವು. ಕೆಂಪಿನ ವಿಷಯ ನನಗೆ ಅಂದಿನಿಂದ ಗೊತ್ತಿತ್ತು. ಇದನ್ನು ಇಲ್ಲಿಯೇ ಹೇಳಿಡುತ್ತೇನೆ, ಏಕೆಂದರೆ ಮುಂದೆ ನಡೆದದ್ದರಲ್ಲಿ ಗೊತ್ತಿಲ್ಲದವರ ತಪ್ಪು ಒಂದು ಪಾಲು, ಗೊತ್ತಿದ್ದೂ ಸುಮ್ಮನಿದ್ದವಳದು ಎರಡು ಪಾಲು.

ಯುದ್ಧದ ನಡುಗಾಲ. ಅಕ್ಕಿಗೆ ರೇಷನ್ನು, ಸೀಮೆಎಣ್ಣೆಗೆ ರೇಷನ್ನು, ಇದ್ದಲಿನ ಹೊಗೆ ಕಾರುತ್ತ ಏರಿನಲ್ಲಿ ನಿಂತುಬಿಡುವ ಬಸ್ಸುಗಳು. ಆಗ ನಮ್ಮೂರಲ್ಲಿದ್ದ ಒಬ್ಬ ದೊಡ್ಡ ಸಾಹೇಬರ ಹೆಂಡತಿ ಹೆಂಗಸರ ಮಂಡಳಿಯೊಂದನ್ನು ಕಟ್ಟಿದರು. ಎಲ್ಲರೂ ಅವರನ್ನು ಬಾಯಿಸಾಹೇಬರು ಎನ್ನುತ್ತಿದ್ದರು. ನಾನೂ ಹಾಗೇ ಬರೆಯುತ್ತೇನೆ. ಧಾರವಾಡದ ಕಡೆಯವರು. ನನ್ನ ಯಜಮಾನರು ಆ ಸಾಹೇಬರ ಕೈಕೆಳಗಿನ ಗುಮಾಸ್ತರು. ಇಂಗ್ಲಿಷು ಬರುತ್ತದೆಂದು ನನ್ನನ್ನು ಮಂಡಳಿಯ ಪತ್ರ ಬರೆಯುವ ಕೆಲಸಕ್ಕೆ ಹಾಕಿಕೊಂಡರು. ಘಟ್ಟದ ಮೇಲಿನಿಂದ ವಿಲಾಯತಿ ಬಿಳಿ ಕೋಳಿಯ ಮರಿಗಳನ್ನು ತರಿಸಿ ಸಾಕಿ, ಅವು ದೊಡ್ಡವಾದ ಮೇಲೆ ದವಾಖಾನೆಗೂ ಬಾಣಂತಿಯರ ಮನೆಗಳಿಗೂ ಹಂಚುವುದು ಎಂದು ಗೊತ್ತಾಯಿತು. ಬಾಯಿಸಾಹೇಬರು ಮೊಟ್ಟೆ ಮುಟ್ಟುವವರಲ್ಲ. ಆದರೂ ಒಳ್ಳೆಯ ಕೆಲಸವೇ. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಮರಿ ನೋಡಿಕೊಳ್ಳಲು ಯಾರು ಎಂದಾಗ ಆಕೆಯ ಹೆಸರು ಹೇಳಿದವಳು ನಾನೇ.

ಮರಿಗಳು ಕುಮಟೆಯ ದಾರಿಯಿಂದ ಬಸ್ಸಿನ ಮೇಲೆ, ತೂತಿನ ಪೆಟ್ಟಿಗೆಗಳಲ್ಲಿ ಬಂದವು. ಸುಮಾರು ಅರವತ್ತು. ಪೆಟ್ರೋಲಿಲ್ಲದೆ ಮೋಟಾರು ಮಾರಿಬಿಟ್ಟಿದ್ದರಿಂದ ಸಾಹೇಬರ ಬಂಗಲೆಯ ಮೋಟಾರು ಶೆಡ್ಡು ಖಾಲಿ ಇತ್ತು. ತಗಡಿನ ಮಾಡು, ಸುಣ್ಣ ಹೊಡೆದ ಗೋಡೆ, ಪಡುವಣಕ್ಕೆ ಎರಡು ದೊಡ್ಡ ಕಿಟಕಿ. ಮಧ್ಯಾಹ್ನ ಮೂರಾದರೆ ಒಳಗೆ ನಿಂತವರ ಕಣ್ಣು ಕತ್ತಲೆಗಟ್ಟುವಷ್ಟು ಬೆಳಕು. ಆಕೆ ಒಂದು ಸುತ್ತು ಬಂದು ಮೂರು ವಿಷಯ ಕೇಳಿದಳು: ಕಿಟಕಿಗೆ ಗೋಣಿತಟ್ಟು, ಪಕ್ಕದ ಸೌದೆಕೋಣೆಯ ಅರ್ಧ ಜಾಗ, ತಿನ್ನಿಸಲು ಒಣಸಿಗಡಿ.

ಬಾಯಿಸಾಹೇಬರು ನಕ್ಕರು. "ಏನವಾ, ಕೋಳಿಗೂ ಪರದೆ ಬೇಕೇನು?" ಗಾಳಿ ಬೆಳಕು ಆರೋಗ್ಯಕ್ಕೆ ಒಳ್ಳೆಯದಲ್ಲವೇ ಎಂದು ನನ್ನ ಕಡೆ ತಿರುಗಿದರು. ಕಾನ್ವೆಂಟಿನ ಆರೋಗ್ಯ ಪಾಠದಲ್ಲಿ ಹಾಗೇ ಇತ್ತು. ನಾನು ಹೌದೆಂದೆ. ಸೌದೆಕೋಣೆ ಕೊಡಲಾಗುವುದಿಲ್ಲ ಎಂದರು. ಒಣಮೀನು ಸಿಗಡಿ ಅಂತೂ ಬಂಗಲೆಯ ಕಂಪೌಂಡಿನೊಳಗೆ ಕಾಲಿಡಕೂಡದು. ದೇವರ ಮನೆಯ ತನಕ ವಾಸನೆ ಬರುತ್ತದೆ. ಆಕೆ ನನ್ನ ಮುಖವನ್ನು ಒಂದು ಸಲ ನೋಡಿ, "ಆತು" ಎಂದು ಕೆಲಸಕ್ಕೆ ಬಾಗಿದಳು. ಆ ನೋಟದಲ್ಲಿ ಬೈಗುಳವಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ನಾಲ್ಕನೆಯ ದಿನವೋ ಐದನೆಯ ದಿನವೋ ಬಾಯಿಸಾಹೇಬರ ತಲೆಗೆ ಹೊಸತೊಂದು ಹೊಳೆಯಿತು. ಆಕೆಯ ಮನೆಯಲ್ಲೂ ಬಿಳಿ ಕೋಳಿಗಳಿವೆ ಎಂದು ಯಾರೋ ಕಿವಿಗೆ ಹಾಕಿದ್ದರು. ವಿಲಾಯತಿ ಮರಿ ಒಯ್ದು ನಾಟಿ ಮರಿ ತಂದಿಟ್ಟರೆ ಯಾರಿಗೆ ತಿಳಿಯುತ್ತದೆ? ಆದ್ದರಿಂದ ಪ್ರತಿಯೊಂದು ಮರಿಯ ಬೆನ್ನ ತುದಿಗೂ ಗುರುತು ಹಾಕಬೇಕು. ಕಚೇರಿಯಿಂದ ಸಿಪಾಯಿ ಕೆಂಪು ಶಾಯಿಯ ಬಾಟಲಿ ತಂದ.

ಆಕೆ ಅದನ್ನು ಕಂಡವಳೇ ಎದ್ದು ನಿಂತಳು. "ಕೆಂಪು ಹಚ್ಚಬೇಡಿ ಬಾಯಿಸಾಹೇಬರೆ. ಕೋಳಿಗೆ ಕೆಂಪು ಅಂದ್ರೆ ರಕ್ತವೇ. ಗುರ್ತು ಬೇಕಾದ್ರೆ ಮಸಿ ಹಚ್ಚಿ. ಬಟ್ಟೆಗೆ ಹಾಕುವ ನೀಲಿ ಹಚ್ಚಿ. ನಾನೇ ಹಚ್ಚಿ ಕೊಡ್ತೆ."

"ನೀನ ಹಚ್ಚಿದ ಗುರುತು ನಿನಗ ಅಳಸಾಕ ಬರೂದಿಲ್ಲೇನು? ಕೆಂಪು ಶಾಯಿ ಸರಕಾರದ್ದು. ಅಳಸಿದ್ರ ಗೊತ್ತಾಕ್ಕೈತಿ."

ಆಗ ನನ್ನ ಗೂಡಿನ ಮರಿ ನನ್ನ ಕಣ್ಣ ಮುಂದೆ ಇತ್ತು. ಒಂದು ಮಾತು ಹೇಳಬೇಕಿತ್ತು: ಬಾಯಿಸಾಹೇಬರೆ, ಇದು ನಿಜ, ನಾನೇ ಕಂಡಿದ್ದೇನೆ. ಅಷ್ಟೇ. ಯಜಮಾನರ ಕೆಲಸ ನೆನಪಾಯಿತು, ದೊಡ್ಡವರ ಮಾತಿಗೆ ಅಡ್ಡ ಬಾರದಿರುವುದು ನೆನಪಾಯಿತು. ಸಿಪಾಯಿ ಒಂದೊಂದೇ ಮರಿ ಹಿಡಿದುಕೊಟ್ಟ. ಬಾಯಿಸಾಹೇಬರು ಬತ್ತಿಯನ್ನು ಶಾಯಿಯಲ್ಲಿ ಅದ್ದಿ ರೂಪಾಯಿ ಅಗಲದ ಬೊಟ್ಟು ಇಟ್ಟರು. ಬಿಳಿಯ ಮೈ ಮೇಲೆ ಕೆಂಪು ಬೊಟ್ಟು, ನೋಡಲು ಚೆಂದವಾಗಿಯೇ ಇತ್ತು. ಆಕೆ ಗೋಡೆಗೆ ಮುಖ ಮಾಡಿ ನಿಂತಿದ್ದಳು.

ಮೂರನೆಯ ದಿನ ಮೊದಲ ಮರಿ ಸತ್ತಿತು. ಆಮೇಲೆ ದಿನಕ್ಕೊಂದು, ಎರಡು. ಆಕೆ ಬೆಳಗಿನಿಂದ ಸಂಜೆಯ ತನಕ ಶೆಡ್ಡಿನಲ್ಲೇ ಕುಳಿತು, ಕುಕ್ಕಲು ಹೋದ ಮರಿಯ ನೆತ್ತಿಗೆ ಬೆರಳಲ್ಲಿ ತಟ್ಟುತ್ತ, ಶಾಯಿಯನ್ನು ನೀರಲ್ಲಿ ಒರೆಸಿ ತೆಗೆಯಲು ನೋಡಿದಳು. ಒರೆಸಿದಷ್ಟೂ ಹರಡಿಕೊಂಡು ಗುಲಾಬಿಯಾಯಿತು. ನುಗ್ಗೆ ಸೊಪ್ಪು ತಂದು ತೂಗುಹಾಕಿದಳು. ಉದುರಿದ ಪುಕ್ಕಗಳನ್ನು ಮರಿಗಳು ನುಂಗದಂತೆ ಆರಿಸಿ ಆರಿಸಿ ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಿದ್ದಳು. ಸತ್ತದ್ದನ್ನು ಒಳಗೆ ಒಂದು ಗಳಿಗೆಯೂ ಬಿಡುತ್ತಿರಲಿಲ್ಲ.

ಕಿಟಕಿಯಿಂದ ಇಣುಕಿದ ಬಾಯಿಸಾಹೇಬರಿಗೆ ಕಂಡದ್ದು ಇಷ್ಟು: ಆಕೆಯ ಕೈಯಲ್ಲಿ ಒಂದು ಮರಿ, ಇನ್ನೊಂದು ಮುಷ್ಟಿಯಲ್ಲಿ ಬಿಳಿಯ ಪುಕ್ಕ.

ನಮ್ಮ ಕರಾವಳಿಯಲ್ಲಿ ಗಾಳ ಹಾಕುವವರು ಕೊಕ್ಕೆಗೆ ಬಿಳಿಯ ಗರಿ ಕಟ್ಟುತ್ತಾರೆ. ನೀರಲ್ಲಿ ಎಳೆದಾಗ ಅದು ಚಿಕ್ಕ ಮೀನಿನ ಹಾಗೆ ಹೊಳೆದು ದೊಡ್ಡ ಮೀನು ಬಂದು ಹಿಡಿಯುತ್ತದೆ. ಇದು ಎಲ್ಲರಿಗೂ ಗೊತ್ತು. ಮಂಡಳಿಯ ಹೆಂಗಸರು ಯಾರೋ ಬಾಯಿಸಾಹೇಬರಿಗೂ ತಿಳಿಸಿದರು. ತಮ್ಮ ಗಾಳದವನು, ಅಕ್ಕ ಪುಕ್ಕ ಕೀಳುತ್ತಿದ್ದಾಳೆ. ಎರಡಕ್ಕೂ ಗಂಟು ಬೀಳಲು ಒಂದು ಮಧ್ಯಾಹ್ನ ಸಾಕಾಯಿತು. ಜೀವಂತ ಮರಿಯ ಮೈಯಿಂದ ಕಿತ್ತು ತಮ್ಮನ ಗಾಳಕ್ಕೆ ಒಯ್ಯುತ್ತಾಳೆ, ಸತ್ತದ್ದನ್ನು ಸಾರಿಗೆ ಹಾಕುತ್ತಾಳೆ ಎಂದು ಅದೇ ಸಂಜೆಗೆ ಬಾವಿಕಟ್ಟೆಯಲ್ಲೂ ಮಾತಾಯಿತು.

ಮರುದಿನ ಇಳಿಹೊತ್ತಿನಲ್ಲಿ ಆಕೆ ತಾರಿಗೆಂದು, ದೋಣಿ ನಿಲ್ಲುವ ಧಕ್ಕೆಗೆ ಹೋದಳು. ಬಾಯಿಸಾಹೇಬರು ಸಿಪಾಯಿಯನ್ನು ಓಡಿಸಿ, ತಾವೂ ಕೊಡೆ ಹಿಡಿದು ಹೊರಟರು. ಪತ್ರ ಬರೆಯಲು ಹೋಗಿದ್ದ ನನ್ನನ್ನೂ ಜೊತೆಗೆ ಕರೆದರು. ದೋಣಿಗೆ ಕಾಯುತ್ತ ಇಪ್ಪತ್ತು ಮೂವತ್ತು ಜನ ಇದ್ದರು. ಬಹುಪಾಲು ಆಕೆಯ ಕೇರಿಯವರೇ. ಎಲ್ಲರೆದುರು ಸಿಪಾಯಿ ಆಕೆಯ ಬುಟ್ಟಿಯ ಮುಚ್ಚಳ ತೆಗೆದ. ಬಾಳೆಲೆಯಲ್ಲಿ ಸುತ್ತಿದ ಸತ್ತ ಮರಿಯೊಂದು, ಒಂದು ಹಿಡಿ ಬಿಳಿ ಪುಕ್ಕ.

"ಕಳ್ಳಿ," ಎಂದರು ಬಾಯಿಸಾಹೇಬರು.

ಆಕೆ ಅಳಲಿಲ್ಲ. ಸತ್ತ ಮರಿ ಒಳಗಿದ್ದರೆ ಉಳಿದವು ರುಚಿ ಕಲಿಯುತ್ತವೆ, ಪುಕ್ಕ ಬಿದ್ದಿದ್ದರೆ ನುಂಗುತ್ತವೆ, ಅದಕ್ಕೇ ಒಯ್ದು ತೆಂಗಿನ ಬುಡಕ್ಕೆ ಹೂಳುತ್ತೇನೆ ಎಂದು ವಿವರಿಸಿದಳು. ಆಮೇಲೆ ಒಂದು ಪುಕ್ಕವನ್ನು ಎತ್ತಿ, ನಿಂತವರ ಕಡೆ ತಿರುಗಿದಳು.

"ಗಾಳಕ್ಕೆ ಬೇಕಾದ್ದು ದೊಡ್ಡ ಕೋಳಿಯ ಗರಿ. ಇದು ಮರಿಯ ಬಾಲದ ಹುಟ್ಟುಪುಕ್ಕ. ನೀರಿಗೆ ಬಿಟ್ರೆ ಮುದ್ದೆ ಆತದೆ. ಇಲ್ಲಿ ಇದ್ದವ್ರಿಗೆಲ್ಲ ಗೊತ್ತದೆ, ಅಲ್ದಾ? ಯಾರಾದ್ರೂ ಒಬ್ರು ಹೇಳಿ."

ಅಲ್ಲಿದ್ದ ಗಂಡಸರಲ್ಲಿ ಅರ್ಧ ಜನ ಹುಟ್ಟಿದಾಗಿನಿಂದ ಗಾಳ ಹಾಕಿದವರು. ಸಾಹೇಬರ ಹೆಂಡತಿಯ ಎದುರು ಎಲ್ಲರೂ ತಮ್ಮ ಕಾಲಿನ ಹೆಬ್ಬೆರಳು ನೋಡಿಕೊಂಡರು. ದೋಣಿಯ ಅಂಬಿಗ, ಯಾರೂ ಹತ್ತುವ ಮೊದಲೇ ಹಗ್ಗ ಬಿಚ್ಚತೊಡಗಿದ. ಆ ಗಂಡಸರನ್ನು ಬೈಯಲು ನನಗೆ ಬಾಯಿಲ್ಲ. ನಾನು ಕೊಡೆಯ ನೆರಳಿನಲ್ಲೇ ನಿಂತಿದ್ದೆ.

ನಾಳೆಯಿಂದ ಬರಕೂಡದೆಂದು ಅಪ್ಪಣೆಯಾಯಿತು. ಆಕೆ ಎಲೆಯನ್ನು ಮತ್ತೆ ಸರಿಯಾಗಿ ಮಡಚಿ, ಮರಿಯ ಕಾಲು ಹೊರಗೆ ಕಾಣದಂತೆ ಮುಚ್ಚಿ, ದೋಣಿ ಹತ್ತಿದಳು.

ಆಕೆ ಹೋದ ಮೇಲೆ ಮರಿಗಳು ಸಾಯುವುದು ನಿಂತಿತೇ? ಸಿಪಾಯಿಯೇ ಬಾಗಿಲು ಕಾಯುತ್ತಿದ್ದ. ಆದರೂ ಬೆಳಿಗ್ಗೆ ತೆರೆದಾಗ ಎರಡು ಮೂರು ಸತ್ತಿರುತ್ತಿದ್ದವು. ಕಳ್ಳಿಯನ್ನು ಓಡಿಸಿದ ಮೇಲೂ ಸಾವು ಹೆಚ್ಚುವುದು ಹೇಗೆ ಎಂದು ಮಂಡಳಿಯಲ್ಲಿ ಒಬ್ಬರೂ ಕೇಳಲಿಲ್ಲ. ಆಕೆಯೇ ಹೋಗುವಾಗ ಏನೋ ಮಾಟ ಮಾಡಿಟ್ಟು ಹೋಗಿರಬೇಕು ಎಂದು ಒಬ್ಬರು ಅಂದದ್ದು ನನ್ನ ಕಿವಿಗೇ ಬಿತ್ತು. ಓದು ಬಲ್ಲ ಹೆಂಗಸರು!

ಹತ್ತು ದಿನ ಕಳೆದು ಕೋಳಿಗಳ ಇನ್‌ಸ್ಪೆಕ್ಟರರೊಬ್ಬರು ತಿರುಗಾಟದ ಮೇಲೆ ಬಂದರು. ಶೆಡ್ಡಿನ ಬಾಗಿಲಲ್ಲಿ ನಿಂತವರೇ ಹ್ಯಾಟು ತೆಗೆದು ಬೀಸಿಕೊಂಡರು. ಇಷ್ಟು ಇಕ್ಕಟ್ಟು, ಇಷ್ಟು ಸೆಕೆ, ಇಷ್ಟು ಬೆಳಕು! ಮೀನಿನ ಪುಡಿ ಹಾಕುವುದಿಲ್ಲವೇ? ಆಮೇಲೆ ಒಂದು ಮರಿಯನ್ನು ಎತ್ತಿ ನೋಡಿ, "ಈ ಕೆಂಪು ಬಳಿದವರು ಯಾರು? ಕೊಂದುಕೊಳ್ಳಿ ಅಂತ ಹೇಳಿಕೊಟ್ಟ ಹಾಗಾಯಿತಲ್ಲ" ಎಂದರು.

ಬಾಯಿಸಾಹೇಬರು ಕಣ್ಣ ರೆಪ್ಪೆ ಬಡಿಯದೆ ಹೇಳಿದರು, "ಮೊದಲಿದ್ದ ಹೆಂಗಸು. ಬಿಡಿಸಿಬಿಟ್ಟೀವಿ."

ನಾನು ಎರಡು ಹೆಜ್ಜೆ ಹಿಂದೆ ನಿಂತಿದ್ದೆ. ಬೇಡವೆಂದು ಗೋಗರೆದವಳ ತಲೆಯ ಮೇಲೆಯೇ ಆ ಶಾಯಿಯನ್ನೂ ಸುರಿದರಲ್ಲ! ನನ್ನ ಬಾಯಿಂದ "ಅಲ್ಲ" ಎಂಬಷ್ಟು ಹೊರಟಿತು. ಆದರೆ ಅದು ಎಷ್ಟು ಮೆಲ್ಲಗೆ ಹೊರಟಿತೆಂದರೆ ಇನ್‌ಸ್ಪೆಕ್ಟರರು ನನಗೆ ಕೆಮ್ಮು ಬಂತೆಂದು ದಾರಿ ಬಿಟ್ಟರು.

ಅವರು ಹೋದ ಮೇಲೆ ಸತ್ತ ಮರಿಗಳನ್ನು ಮುಟ್ಟಲು ಯಾರೂ ಸಿಗದೆ, ಆಕೆಯನ್ನು ಮತ್ತೆ ಕರೆತರುವ ಕೆಲಸ ನನ್ನ ಪಾಲಿಗೆ ಬಂತು. ಹೊಳೆ ದಾಟಿ ಹೋದೆ. ಆಕೆ ಅಂಗಳದಲ್ಲಿ ಕುಳಿತು ಕರಟದ ಚೂರಿನಿಂದ ಗೂಡಿನ ತಟ್ಟೆ ಕೆರೆಯುತ್ತಿದ್ದಳು. ಎಷ್ಟು ಉಳಿದಿವೆ ಎಂಬುದು ಮೊದಲ ಪ್ರಶ್ನೆ. ಅರ್ಧಕ್ಕರ್ಧ ಎಂದೆ. ಕರಟದ ಚೂರನ್ನು ಕೆಳಗಿಟ್ಟಳು.

"ಬಾಯಿಸಾಹೇಬರು ಎಂತ ಹೇಳಿ ಕಳ್ಸಿದ್ರು?"

"ಬರಬೇಕಂತೆ."

"ಅಷ್ಟೇಯಾ?"

"ಅಷ್ಟೇ ಅಕ್ಕ."

ಇನ್‌ಸ್ಪೆಕ್ಟರರು ಹೇಳಿದ್ದನ್ನೂ, ಶಾಯಿಯ ವಿಷಯದಲ್ಲಿ ಬಾಯಿಸಾಹೇಬರು ಆಡಿದ್ದನ್ನೂ ಹೇಳಿದೆ. ಆಗ ನಾನೇನು ಹೇಳಿದೆ ಎಂದು ಆಕೆ ಕೇಳಲಿಲ್ಲ. ಕೇಳಬಹುದೆಂದು ಹೆದರಿ ನಾನೇ ನೆಲ ನೋಡಿದೆ. ಧಕ್ಕೆಯಲ್ಲಿ ಅಂದದ್ದನ್ನು ಧಕ್ಕೆಯಲ್ಲೇ ಬಂದು ಅಲ್ಲವೆಂದರೆ ಸಾಕಿತ್ತು, ಈ ಕೇರಿಯವರು ನನ್ನ ಮೊಟ್ಟೆ ತೆಗೆದುಕೊಳ್ಳುವುದನ್ನೂ ಬಿಟ್ಟಿದ್ದಾರೆ ಎಂದಳು. ಆಮೇಲೆ ಸೀರೆ ಕೊಡವಿ ಎದ್ದಳು. "ಅವು ಕಚ್ಚಿಕೊಂಡು ಸಾಯ್ತಾ ಇದ್ರೆ ನಾನು ಇಲ್ಲಿ ಕೂತ್ಕಂಡು ಎಂತ ಮಾಡುದು. ಬತ್ತೆ. ನನ್ನ ಹೆಸ್ರಿನ ವಿಚಾರ ನಾನೇ ನೋಡ್ಕಣ್ತೆ."

ಈ ಸಲ ಆಕೆ ಏನನ್ನೂ ಕೇಳಲಿಲ್ಲ, ಮಾಡಿದಳು. ಕಿಟಕಿಗೆ ಗೋಣಿತಟ್ಟು ಬಡಿದಳು. ಸೌದೆಯನ್ನು ಅಂಗಳಕ್ಕೆ ಎಸೆದು ಅರ್ಧ ಮರಿಗಳನ್ನು ಆ ಕೋಣೆಗೆ ಬಿಟ್ಟಳು. ಮೊದಲು ಕುಕ್ಕುವ ನಾಲ್ಕು ಮರಿ ಯಾವುವೆಂದು ಅರ್ಧ ದಿನ ಸುಮ್ಮನೆ ಕುಳಿತು ಗುರುತಿಸಿ ಅವನ್ನು ಬೇರೆ ಬುಟ್ಟಿಯಡಿ ಹಾಕಿದಳು. ಒಂದೊಂದರ ಹಿಂಭಾಗಕ್ಕೂ ಹೊನ್ನೆ ಎಣ್ಣೆಯ ಮಸಿ. ಒಣಸಿಗಡಿಯ ಪುಡಿಯ ಪೊಟ್ಟಣವನ್ನು ಬಾಯಿಸಾಹೇಬರ ಕಣ್ಣೆದುರೇ ಬಿಚ್ಚಿದಳು. ಅವರು ಮೂಗು ಮುಚ್ಚಿಕೊಂಡು ಒಳಗೆ ಹೋದರು. ವಾರ ಕಳೆಯುವುದರೊಳಗೆ ಪುಕ್ಕ ಕೀಳುವುದು ನಿಂತಿತು. ಒಂದೂ ಸಾಯಲಿಲ್ಲ. ಆ ಮನೆಯ ನೀರನ್ನು ಮಾತ್ರ ಆಕೆ ಕುಡಿಯಲಿಲ್ಲ.

ಬಂದ ಮೊದಲ ಸಂಜೆಯೇ, ತಾರಿಗೆ ಹೋದವಳು ಧಕ್ಕೆಯ ನಡುವೆ ನಿಂತು ಬುಟ್ಟಿಯ ಮುಚ್ಚಳ ತೆಗೆದು ಬೋರಲು ಮಾಡಿ, ತಳಕ್ಕೆ ಎರಡು ಸಲ ತಟ್ಟಿದಳಂತೆ. ಏನೂ ಬೀಳಲಿಲ್ಲ. ಯಾರಿಗೂ ಏನೂ ಹೇಳದೆ ದೋಣಿ ಹತ್ತಿದಳು. ಮರುದಿನವೂ ಹಾಗೇ. ದಿನವೂ ಹಾಗೇ. ಮೊದಲೆರಡು ದಿನ ಕೆಲವರು ನಕ್ಕರು, ಆಮೇಲೆ ಯಾರೂ ನಗಲಿಲ್ಲ. ಬುಟ್ಟಿ ಬೋರಲಾಗುವ ಹೊತ್ತಿಗೆ ಬೀಡಿ ಸೇದುವವರು ಬೀಡಿ ಕೆಳಗಿಳಿಸುತ್ತಿದ್ದರೆಂದು ಮೀನಿನವರು ಹೇಳಿದರು. ಸುದ್ದಿ ಬಂಗಲೆಗೂ ಮುಟ್ಟಿತು. ಅದನ್ನು ನಿಲ್ಲಿಸಬೇಕೆಂದು ಬಾಯಿಸಾಹೇಬರು ಹೇಳಿ ಕಳಿಸಿದರು. ಬುಟ್ಟಿ ನನ್ನದು ಎಂದು ಆಕೆ ಉತ್ತರ ಕಳಿಸಿದಳು.

ಮರಿಗಳು ದೊಡ್ಡವಾದವು. ಹಂಚುವ ದಿನ ಗೊತ್ತಾಯಿತು. ಅಷ್ಟರಲ್ಲಿ ಭಟ್ಕಳದಲ್ಲೂ ಇಂಥದೇ ಮಂಡಳಿ ಆಗಬೇಕೆಂದು, ಅಲ್ಲಿನ ಹೆಂಗಸರೆದುರು ಮಾತಾಡಲು ಬಾಯಿಸಾಹೇಬರನ್ನು ಕರೆದರು. ಭಾಷಣ ಬರೆಯುವವಳು ನಾನು. ಮರಿಗಳು ಪರಸ್ಪರ ಪುಕ್ಕ ಕೀಳದಂತೆ ನೋಡಿಕೊಳ್ಳುವುದು ಹೇಗೆ ಎಂಬುದೇ ಅದರ ವಿಷಯ. ಗೋಣಿತಟ್ಟಿನಿಂದ ನುಗ್ಗೆ ಸೊಪ್ಪಿನ ತನಕ ಎಲ್ಲವನ್ನೂ ಬರೆದೆ, ನಾಲ್ಕು ಹಾಳೆಯಾಯಿತು. ಹೇಳಿಕೊಟ್ಟವಳ ಹೆಸರನ್ನು ಎರಡು ಕಡೆ ಬರೆದಿದ್ದೆ. ಬಾಯಿಸಾಹೇಬರು ಎರಡನ್ನೂ ಹೊಡೆದು, "ನಮ್ಮ ಮಂಡಳಿಯ ಅನುಭವ" ಎಂದು ತಿದ್ದಿಸಿ, ಮತ್ತೆ ನೀಟಾಗಿ ಬರೆಸಿದರು.

ಮುಂದೆ ಧಕ್ಕೆಯಲ್ಲಿ ನಡೆದದ್ದರ ಫಲವಾಗಿ ನನ್ನ ಯಜಮಾನರನ್ನು ಕುಮಟೆಗೆ ವರ್ಗ ಮಾಡಿದರು, ಎರಡು ವರ್ಷ ಅಲ್ಲಿದ್ದೆವು. ಅವರು ನನಗೆ ಒಂದು ಮಾತನ್ನೂ ಅನ್ನಲಿಲ್ಲ. ಪಾತ್ರೆ ಕಟ್ಟಲು ಹಗ್ಗ ಎಲ್ಲಿದೆ ಎಂದಷ್ಟೇ ಕೇಳಿದರು.

ಭಟ್ಕಳದ ಬಸ್ಸು ಹೊಳೆಯಾಚೆಯಿಂದ ಹೊರಡುತ್ತಿತ್ತು. ಹತ್ತೂವರೆಯ ತಾರಿಗೆಂದು ಬಾಯಿಸಾಹೇಬರೂ ನಾನೂ ಧಕ್ಕೆಗೆ ಬಂದೆವು. ಹಂಚುವ ಕೆಲಸ ಬೆಳಿಗ್ಗೆಯೇ ಮುಗಿದು ಆಕೆಯ ಕೊನೆಯ ದಿನವೂ ಅದೇ ಆದ್ದರಿಂದ ಆಕೆಯೂ ಬಂದಳು. ನಮ್ಮನ್ನು ಕಂಡೂ ಕಾಣದಂತೆ ನಡುವೆ ನಿಂತು, ಬುಟ್ಟಿ ಬೋರಲು ಮಾಡಿ ಎರಡು ಸಲ ತಟ್ಟಿದಳು. ಬಾಯಿಸಾಹೇಬರು ಕೊಡೆಯನ್ನು ಆ ಕಡೆಗೆ ವಾಲಿಸಿ, ಸೀರೆ ಎತ್ತಿ ಹಿಡಿದು, ದೋಣಿಯ ಹಲಗೆಯತ್ತ ನಡೆದರು.

ಅಂಬಿಗ ದೋಣಿ ನೂಕುವ ಗಳವನ್ನು ಹಲಗೆಗೆ ಅಡ್ಡ ಹಿಡಿದ.

"ಬಾಯಿಸಾಹೇಬರೆ, ಚೀಲ ತೋರ್ಸಿ ಹತ್ತಿ," ಎಂದ. ದನಿ ದೊಡ್ಡದಿರಲಿಲ್ಲ. "ನಮ್ಮ ಧಕ್ಕೆಯಾಗೆ ಈಗ ಹಾಂಗೇ ನಡೀತದೆ."

"ಏನಂದಿ?"

ಅವನು ಮತ್ತೆ ಹೇಳಲಿಲ್ಲ. ಆ ಸಂಜೆಯ ಹಾಗೆಯೇ ಕಾಲಿನ ಹೆಬ್ಬೆರಳು ನೋಡಿಕೊಂಡ. ಆದರೆ ಗಳ ಕದಲಲಿಲ್ಲ. ಬಾಯಿಸಾಹೇಬರು ಚೀಲದ ಬಾಯನ್ನು ಎರಡೂ ಕೈಯಿಂದ ಬಿಗಿಹಿಡಿದು, ಏನಾದರೂ ಹೇಳು ಎಂಬಂತೆ ನನ್ನ ಕಡೆ ತಿರುಗಿದರು.

ಹೇಳಲು ನನಗೆ ಆಗಲೂ ದನಿ ಬರಲಿಲ್ಲ. ನನ್ನ ಚೀಲವನ್ನು ಬೋರಲು ಮಾಡಿದೆ. ಕರವಸ್ತ್ರ, ಬಾಚಣಿಗೆ, ಬಸ್ಸಿನಲ್ಲಿ ತಿನ್ನಲೆಂದು ಕಟ್ಟಿದ್ದ ಅವಲಕ್ಕಿಯ ಪೊಟ್ಟಣ, ಎರಡು ನಿಂಬೆಹಣ್ಣು, ಭಾಷಣದ ನಾಲ್ಕು ಹಾಳೆ, ಎಲ್ಲವೂ ಮರಳಿನ ಮೇಲೆ ಬಿದ್ದವು. ತಳಕ್ಕೆ ತಟ್ಟಿದೆ.

ಆಕೆ ಓಡಿಬಂದು ಕುಕ್ಕರಗಾಲಲ್ಲಿ ಕುಳಿತಳು. "ಎಂತಕೆ ಬಾಯೋರೆ ಇದು, ಎಲ್ಲ ಹೊಯ್ಗೆ ಆತಲ್ಲ" ಎನ್ನುತ್ತ ನಿಂಬೆಹಣ್ಣನ್ನು ಸೆರಗಿಗೆ ಒರೆಸಿ ಚೀಲಕ್ಕೆ ಹಾಕಿದಳು, ಬಾಚಣಿಗೆ ಹಾಕಿದಳು. ಹಾಳೆಗಳನ್ನು ಕೈಯಲ್ಲಿ ಹಿಡಿದುಕೊಂಡು ಕೇಳಿದಳು, "ಎಂತ ಕಾಗ್ದ ಇದು?"

"ಭಟ್ಕಳದಲ್ಲಿ ಓದುವುದು. ಮರಿಗಳು ಪುಕ್ಕ ಕೀಳುವುದನ್ನು ನಿಲ್ಲಿಸುವುದು ಹೇಗೆ ಅಂತ."

"ಯಾರು ಹೇಳಿದ್ದು ಬರ್ದದ್ದು?"

"ನೀನು ಹೇಳಿದ್ದು. ಎಲ್ಲವೂ ನೀನು ಹೇಳಿದ್ದೇ."

"ನನ್ನ ಹೆಸ್ರು ಅದ್ಯಾ ಇದ್ರಲ್ಲಿ?"

"ಇಲ್ಲ ಅಕ್ಕ," ಎಂದೆ. ಧಕ್ಕೆಯಲ್ಲಿದ್ದವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ.

ಆಕೆ ಹಾಳೆಗಳನ್ನು ನಾಲ್ಕಾಗಿ ಮಡಚಿ ಬುಟ್ಟಿಯೊಳಗಿಟ್ಟು ಮುಚ್ಚಳ ಹಾಕಿದಳು. ಎದ್ದು ನಿಂತು, ಅಂಬಿಗನನ್ನೂ ನಿಂತವರನ್ನೂ ಕೊನೆಗೆ ಬಾಯಿಸಾಹೇಬರನ್ನೂ ನೋಡಿದಳು.

"ಈಗ ನೋಡುದಾದ್ರೆ ನೋಡಿ. ಬುಟ್ಟಿಯಲ್ಲಿ ನಾನು ಹೇಳಿದ್ದು ಅದೆ."

ಅಂಬಿಗ ಗಳ ಎತ್ತಿದ. ಆಕೆ ದೋಣಿಯ ಮುಂದಿನ ಹಲಗೆಗೆ ಹೋಗಿ, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಯಾರೂ ಮುಚ್ಚಳ ತೆಗೆಸಲಿಲ್ಲ.